ಖಾಲಿ ಗೋದಲಿಯ ಮುಂದೆ ನಾಲ್ಕು ವಾರ

ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಡಿಸೆಂಬರ್ ತಿಂಗಳಿಗೆ ಎರಡು ಲೆಕ್ಕ. ಒಂದು, ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಗುರುತು ಹಾಕಿದ್ದು. ಹಬ್ಬದ ತಿಂಡಿಗಳಲ್ಲಿ ನೆವ್ರಿ ಯಾವತ್ತು, ಕಿಡಿಯೊ ಯಾವತ್ತು, ದುಬೈಯಿಂದ ಬರುವ ಮೈದುನನ ವಿಮಾನ ಎಷ್ಟು ಗಂಟೆಗೆ, 27ಕ್ಕೆ ಯಾರ ಮದುವೆಗೆ ಮುಂಚಿನ ರೋಸ್ ಶಾಸ್ತ್ರ, 28ಕ್ಕೆ ಯಾರ ಮದುವೆ, ಟೈಲರ್ ಕೊಟ್ಟ ವಾಯಿದೆ ಎಂದಿಗೆ, ಎಲ್ಲವೂ ಅದರಲ್ಲಿರುತ್ತದೆ. ಇನ್ನೊಂದು ಲೆಕ್ಕ ಇಗರ್ಜಿಯದು: ಆಗಮನ ಕಾಲದ ನಾಲ್ಕು ಭಾನುವಾರ, ನಾಲ್ಕು ಮೇಣದಬತ್ತಿ. ಮೊದಲನೆಯ ಲೆಕ್ಕ ತುಂಬುತ್ತ ಹೋದ ಹಾಗೆ ಎರಡನೆಯದಕ್ಕೆ ಜಾಗವೇ ಉಳಿಯುವುದಿಲ್ಲ. 24ರ ರಾತ್ರಿ ಪೂಜೆಗೆ ಹೋಗಿ ಕೂರುವ ಹೊತ್ತಿಗೆ ಸೊಂಟ ಸೋತಿರುತ್ತದೆ, ಕಣ್ಣು ಎಳೆಯುತ್ತಿರುತ್ತದೆ, ಮನಸ್ಸು ಸಣ್ಣಾಸ್‌ಗೆಂದು ರುಬ್ಬಿಟ್ಟ ಹಿಟ್ಟು ಹುದುಗಿತೋ ಇಲ್ಲವೋ ಎಂಬುದರ ಮೇಲಿರುತ್ತದೆ. ಮರುದಿನ ಮಧ್ಯಾಹ್ನದ ಊಟವಾದ ಮೇಲೆ ಹೆಂಗಸರ ಬಾಯಿಂದ ಬರುವ ಮಾತು ಒಂದೇ: "ಅಬ್ಬ, ಹಬ್ಬ ಮುಗೀತು."

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಭೆಯ ಪಂಚಾಂಗದ ಪ್ರಕಾರ ಹಬ್ಬ ಆಗಷ್ಟೇ ಶುರುವಾಗಿದೆ. ಕ್ರಿಸ್ಮಸ್ ಕಾಲ ಆರಂಭವಾಗುವುದು 24ರ ಸಂಜೆ. ಅದು ಯೇಸುಸ್ವಾಮಿಯ ದೀಕ್ಷಾಸ್ನಾನದ ಹಬ್ಬದವರೆಗೆ, ಅಂದರೆ ಜನವರಿ ಎರಡನೇ ವಾರದ ಹತ್ತಿರದವರೆಗೂ ನಡೆಯುತ್ತದೆ. ಅದಕ್ಕೆ ಮುಂಚಿನ ನಾಲ್ಕು ವಾರ ಕಾಯುವ ಕಾಲ. ನಾವು ಇದನ್ನು ಹಿಂದುಮುಂದು ಮಾಡಿಕೊಂಡಿದ್ದೇವೆ. ಕಾಯಬೇಕಾದ ವಾರಗಳಲ್ಲಿ ಹಬ್ಬ ಮಾಡುತ್ತೇವೆ, ಹಬ್ಬ ಮಾಡಬೇಕಾದ ದಿನಗಳಲ್ಲಿ ಸುಸ್ತಾಗಿ ಮಲಗುತ್ತೇವೆ. ಡಿಸೆಂಬರ್ ಮೊದಲ ವಾರದಲ್ಲೇ ಆಫೀಸಿನಲ್ಲಿ ಕೇಕು, ಎರಡನೇ ವಾರದಲ್ಲಿ ಶಾಲೆಯ ಕ್ರಿಸ್ಮಸ್, ಮೂರನೆಯದರಲ್ಲಿ ಅಪಾರ್ಟ್‌ಮೆಂಟಿನದು, ಸಂಘದ್ದು, ವಾರ್ಡಿನದು. ಗೋದಲಿಯಲ್ಲಿ ಮಗು ಬಂದು ಮಲಗುವ ರಾತ್ರಿ ನಮಗೆ ಕ್ರಿಸ್ಮಸ್ ಸಾಕಾಗಿ ಹೋಗಿರುತ್ತದೆ.

ಹಬ್ಬದ ಒತ್ತಡ ಇಳಿಸಿಕೊಳ್ಳುವುದು ಹೇಗೆಂದು ಹೇಳುವವರು ಬಹಳ. ಪಟ್ಟಿ ಬರೆದುಕೊಳ್ಳಿ, ಮೊದಲೇ ಖರೀದಿ ಮಾಡಿ, ಚೆನ್ನಾಗಿ ನಿದ್ದೆ ಮಾಡಿ ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ನಮಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಗಟ್ಟಿಯಾದ ಉಪಾಯವೊಂದನ್ನು ಸಭೆ ಕೊಟ್ಟಿದೆ. ಅದು ಆಗಮನ ಕಾಲವೇ. ಅದನ್ನು ಅದರ ಪಾಡಿಗೆ ಇರಲು ಬಿಟ್ಟರೆ ಅರ್ಧ ಭಾರ ಇಳಿಯುತ್ತದೆ ಎಂದು ನಾನು ನಂಬಿದ್ದೇನೆ.

ಆಗಮನ ಕಾಲ ಹುಟ್ಟಿದ್ದು ಉಪವಾಸದಿಂದ. ಇಂದಿನ ಫ್ರಾನ್ಸಿನಲ್ಲಿರುವ ತೂರ್ ನಗರದ ಬಿಷಪ್ ಪೆರ್ಪೆತುಸ್ 5ನೇ ಶತಮಾನದಲ್ಲಿ, ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸವಿರಬೇಕೆಂದು ನಿಯಮ ಮಾಡಿದರು. ಮುಂದಿನ ಶತಮಾನದಲ್ಲಿ ಅದೇ ಊರಿನ ಬಿಷಪ್ ಆಗಿದ್ದ, ಇತಿಹಾಸ ಬರೆದ ಗ್ರೆಗೊರಿ ಇದನ್ನು ದಾಖಲಿಸಿದ್ದಾರೆ. ನಮ್ಮ ಇಗರ್ಜಿಗಳಲ್ಲಿ ಈ ನಾಲ್ಕು ವಾರ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ಧರಿಸುವುದು, ಭಾನುವಾರದ ಪೂಜೆಯಲ್ಲಿ ಮಹಿಮೆಯ ಗೀತೆಯನ್ನು ಹಾಡದೇ ಇರುವುದು, ಪೀಠದ ಹೂವಿನಲ್ಲೂ ಹಿತಮಿತ ಕಾಯುವುದು ಆ ಹಳೆಯ ಸಂಯಮದ ಗುರುತುಗಳು. ಮೂರನೆಯ ಭಾನುವಾರ ಮಾತ್ರ ಗುಲಾಬಿ ಬಣ್ಣ, ಸ್ವಲ್ಪ ಸಡಿಲ. ಹಾಗೆ ತಡೆಹಿಡಿದ ಗೀತೆ ಹಬ್ಬದ ರಾತ್ರಿಯ ಪೂಜೆಯಲ್ಲಿ ಗಂಟೆಗಳ ಸದ್ದಿನೊಡನೆ ಹೊಮ್ಮುವಾಗ ಮೈ ನವಿರೇಳುತ್ತದೆ. ತಿಂಗಳಿಡೀ ಮೈಕಿನಲ್ಲಿ ಕ್ಯಾರಲ್ ಕೇಳಿ ಬಂದವರ ಕಿವಿಗೆ ಆ ಪುಳಕ ಹೇಗೆ ಸಿಕ್ಕೀತು?

ಈ ಸಂಯಮ ಇವತ್ತಿಗೂ ಜೀವಂತವಾಗಿರುವುದನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಕೇರಳದಿಂದ ಬಂದು ದಕ್ಷಿಣ ಕನ್ನಡದ ಘಟ್ಟದ ತಪ್ಪಲಿನಲ್ಲಿ ರಬ್ಬರ್, ಕಾಳುಮೆಣಸು ಬೆಳೆದುಕೊಂಡು ನೆಲೆಸಿರುವ ಸುರಿಯಾನಿ ಕ್ರೈಸ್ತರ ಮನೆಗಳಿವೆ. ಅಂಥವರಿಗೆಂದೇ 1999ರಲ್ಲಿ ಬೆಳ್ತಂಗಡಿಯಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಅವರಲ್ಲಿ ಡಿಸೆಂಬರ್ 1ರಿಂದ 25 ದಿನದ ನೋಂಬು. ನಿಷ್ಠೆಯಿಂದ ಹಿಡಿದವರು ಮಾಂಸ, ಮೀನು ಮುಟ್ಟುವುದಿಲ್ಲ. ಹಬ್ಬದ ರಾತ್ರಿಯ ಬಲಿಪೂಜೆ ಮುಗಿಸಿ ಬಂದೇ ನೋಂಬು ಬಿಡುವುದು. ಮಂಗಳೂರಿನ ನಾವು ಡಿಸೆಂಬರಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಹಬ್ಬಕ್ಕೆ ಹೋದರೆ, ಅವರು ಹಸಿದುಕೊಂಡು ಹೋಗುತ್ತಾರೆ. ಗಂಜಿ, ಕಪ್ಪ ಎನ್ನುವ ಮರಗೆಣಸು, ಪಯರು ಎನ್ನುವ ಕಾಳು ಎಂದು ಅಡುಗೆ ಸರಳವಾಗಿರುವ ಮನೆಯಲ್ಲಿ ಸಂಜೆಯ ಪ್ರಾರ್ಥನೆಗೆ ಹೊತ್ತು ತಾನಾಗಿಯೇ ಸಿಗುತ್ತದೆ. ನಮ್ಮ ಮನೆಗಳಲ್ಲೂ ವಾರಕ್ಕೆ ಎರಡು ದಿನ ಹಾಗೆ ಗಂಜಿ ಚಟ್ನಿಯಲ್ಲಿ ಕಳೆದರೆ ಯಾರೂ ಸೊರಗುವುದಿಲ್ಲ. ಉಳಿದ ದುಡ್ಡು ಎಲ್ಲಿಗೆ ಹೋಗಬೇಕೆಂಬುದನ್ನು ಮುಂದೆ ಹೇಳುತ್ತೇನೆ.

ಈಗ ಗೋದಲಿಯ ಮಾತು. ಸಂತ ಫ್ರಾನ್ಸಿಸ್ ಅಸ್ಸಿಸಿ 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಬೆಟ್ಟದೂರಿನಲ್ಲಿ ಗೋದಲಿ ಮಾಡಿದರೆಂದು ಮಕ್ಕಳಿಗೆಲ್ಲ ಧರ್ಮೋಪದೇಶದ ಪಾಠದಲ್ಲಿ ಹೇಳಿಕೊಡುತ್ತೇವೆ. ಅದರ ಹಿಂದುಮುಂದಿನ ಸಂಗತಿ ಮಾತ್ರ ಹೇಳುವುದು ಕಡಿಮೆ. ಆ ವರ್ಷ ಫ್ರಾನ್ಸಿಸ್ ತಮ್ಮ ಸಭೆಯ ನಿಯಮಾವಳಿಗಾಗಿ ಬಹಳ ಬಳಲಿದ್ದರು. ಸಹೋದರರಲ್ಲೇ ಭಿನ್ನಾಭಿಪ್ರಾಯ, ಬರೆದದ್ದನ್ನು ತಿದ್ದುವುದು, ಮತ್ತೆ ಬರೆಯುವುದು. ಕೊನೆಗೆ ನವೆಂಬರ್ 29ರಂದು ಪೋಪ್ ಮೂರನೇ ಹೊನೋರಿಯುಸ್ ಅದನ್ನು ಅಂಗೀಕರಿಸಿದರು. ಮೈಯಲ್ಲೂ ಆರೋಗ್ಯ ಅಷ್ಟಕ್ಕಷ್ಟೆ. ನಿಯಮ, ಕಾಗದ, ಒಪ್ಪಿಗೆ ಎಂಬ ಓಡಾಟದಿಂದ ಹೊರಬಂದ ಆ ಮನುಷ್ಯ ಹಬ್ಬಕ್ಕೆ ಹದಿನೈದು ದಿನವಿರುವಾಗ ಗ್ರೆಚ್ಚೋದ ಜೊವಾನ್ನಿ ಎಂಬ ಗೆಳೆಯರನ್ನು ಕರೆಸಿ, ಬೆತ್ಲೆಹೇಮಿನ ಮಗು ಪಟ್ಟ ಕಷ್ಟವನ್ನು ಕಣ್ಣಾರೆ ನೋಡಬೇಕೆನಿಸಿದೆ, ಸಿದ್ಧ ಮಾಡಿ ಎಂದು ಕೇಳಿಕೊಂಡರು.

ಸಿದ್ಧವಾದದ್ದು ಎಷ್ಟು? ಒಂದು ದನದ ಮೇವುತೊಟ್ಟಿ, ಒಂದಷ್ಟು ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಅಷ್ಟೇ. ಮರಿಯಮ್ಮನವರ ಪ್ರತಿಮೆಯಿಲ್ಲ, ಜೋಸೆಫರಿಲ್ಲ, ಬಾಲಯೇಸುವೂ ಇಲ್ಲ. ಫ್ರಾನ್ಸಿಸರ ಜೀವನ ಬರೆದ ಚೆಲಾನೋದ ತೋಮಸ್ ಹೇಳುವ ಪ್ರಕಾರ, ಆ ಮೇವುತೊಟ್ಟಿಯ ಮೇಲೆಯೇ ಬಲಿಪೂಜೆ ನಡೆಯಿತು. ಧರ್ಮಸೇವಕ ಪಟ್ಟದಲ್ಲಿದ್ದ ಫ್ರಾನ್ಸಿಸ್ ಶುಭಸಂದೇಶವನ್ನು ಹಾಡಿ, ಬಡವನಾಗಿ ಹುಟ್ಟಿದ ರಾಜನ ವಿಷಯ ಪ್ರಬೋಧನೆ ಮಾಡಿದರು. ಪಂಜು, ದೀವಟಿಗೆ ಹಿಡಿದು ಬಂದಿದ್ದ ಊರಿನ ರೈತಾಪಿ ಜನ ಸುತ್ತ ನಿಂತಿದ್ದರು. ಖಾಲಿ ತೊಟ್ಟಿಯ ಮೇಲೆ ಪರಮಪ್ರಸಾದ ಇಳಿದುಬಂತು. ಅವರಿಗೆ ಬೇರೆ ಪ್ರತಿಮೆ ಬೇಕಾಗಲಿಲ್ಲ. 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸ್ ಅದೇ ಗ್ರೆಚ್ಚೋಗೆ ಹೋಗಿ ಗೋದಲಿಯ ಅರ್ಥ ಮಹತ್ವಗಳ ಕುರಿತ ಪತ್ರಕ್ಕೆ ಸಹಿ ಹಾಕಿದರು. ಅದು ಆಗಮನ ಕಾಲದ ಮೊದಲ ಭಾನುವಾರ.

ನಮ್ಮಲ್ಲಿ ಗೋದಲಿ ಸ್ಪರ್ಧೆಗಳಿವೆ. ತೀರ್ಪುಗಾರರು ಮನೆಮನೆಗೆ ಬರುತ್ತಾರೆಂದು ಹುಡುಗರು ಥರ್ಮೋಕೋಲು, ನೀರಿನ ಪಂಪು, ಬಣ್ಣದ ದೀಪವೆಂದು ನಿದ್ದೆಗೆಟ್ಟು ದುಡಿಯುತ್ತಾರೆ. ಆ ಹುರುಪನ್ನು ನಾನು ಹಳಿಯಲಾರೆ. ಇಗರ್ಜಿಯ ಕಡೆ ತಲೆ ಹಾಕದ ಹುಡುಗರೂ ಗೋದಲಿಗೆ ಬರುತ್ತಾರೆ. ಆದರೂ ಮನೆಯ ಗೋದಲಿಗೆ ನನ್ನ ಮನಸ್ಸು ಒಪ್ಪುವ ಕ್ರಮ ಬೇರೆ. ಡಿಸೆಂಬರಿನ ಮೊದಲ ದಿನಗಳಲ್ಲೇ ಜಾಗ ಮಾಡಿ, ಮೇವುತೊಟ್ಟಿಯನ್ನು ಖಾಲಿ ಇಟ್ಟುಬಿಡುವುದು. ಹಬ್ಬಕ್ಕೆ ಒಂದೆರಡು ವಾರವಿರುವಾಗ ತಟ್ಟೆಯಲ್ಲಿ ಮಣ್ಣು ಹರವಿ ಭತ್ತವನ್ನೋ ರಾಗಿಯನ್ನೋ ಮಕ್ಕಳ ಕೈಯಿಂದ ಬಿತ್ತಿಸುವುದು. 24ಕ್ಕೆ ಅದೇ ಗೋದಲಿಯ ಹಸಿರು ಗದ್ದೆ. ದಿನಾ ಬೆಳಿಗ್ಗೆ ನೀರು ಚಿಮುಕಿಸುವ ಮಗುವಿಗೆ ಕಾಯುವುದೆಂದರೆ ಏನೆಂದು ಯಾರೂ ಪ್ರವಚನ ಕೊಡಬೇಕಾಗಿಲ್ಲ. ಇಡೀ ದಿನದಲ್ಲಿ ಯಾರಿಗಾದರೂ ಒಂದು ಉಪಕಾರ ಮಾಡಿದರೆ ರಾತ್ರಿ ತೊಟ್ಟಿಗೆ ಒಂದು ಹುಲ್ಲುಕಡ್ಡಿ ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ಬಾಲಯೇಸುವಿನ ಪ್ರತಿಮೆ 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆಯೇ ಪೆಟ್ಟಿಗೆಯಿಂದ ಹೊರಬರಬೇಕು, ಮನೆಯ ಅತಿ ಕಿರಿಯರ ಕೈಯಿಂದ.

ಹೀಗೆ ದಿನ ಎಣಿಸುವುದನ್ನು ಪ್ರಾರ್ಥನೆಯಾಗಿಸಿದ ಇನ್ನೊಬ್ಬರು ಹಾಂಬುರ್ಗಿನ ಯೋಹಾನ್ ಹಿನ್ರಿಕ್ ವಿಖರ್ನ್. ಬಡ ಮಕ್ಕಳಿಗಾಗಿ ಆಶ್ರಮ ನಡೆಸುತ್ತಿದ್ದ ಈ ಪ್ರೊಟೆಸ್ಟಂಟ್ ಪಾದ್ರಿ, ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಕೇಳುತ್ತಲೇ ಇದ್ದ ಮಕ್ಕಳಿಗಾಗಿ 1839ರಲ್ಲಿ ಗಾಡಿಯ ಚಕ್ರವೊಂದಕ್ಕೆ ಮೇಣದಬತ್ತಿ ಸಿಕ್ಕಿಸಿ ತೂಗುಹಾಕಿದರು. ವಾರದ ದಿನಕ್ಕೆ ಚಿಕ್ಕದು, ಭಾನುವಾರಕ್ಕೆ ದೊಡ್ಡದು. ಇಂದು ನಾಲ್ಕು ಬತ್ತಿಗಳ ಹಸಿರು ಚಕ್ರವಾಗಿ ಕಥೋಲಿಕ, ಪ್ರೊಟೆಸ್ಟಂಟ್ ಭೇದವಿಲ್ಲದೆ ಇಗರ್ಜಿಗಳಲ್ಲಿ ಕಾಣುವುದು ಅದೇ. 

ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ ವಿಷಯಕ್ಕೆ ಬರಲೇಬೇಕು. ಒತ್ತಡದ ಬಹುಪಾಲು ಹುಟ್ಟುವುದು ಅಲ್ಲಿ, ಮತ್ತು ಹೆಚ್ಚಾಗಿ ಹೆಂಗಸರ ಹೆಗಲ ಮೇಲೆ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಗುಲಾಬಿ ಹೂ, ಚಕ್ಕುಲಿ, ಉಂಡೆ, ಮೇಲೆ ಕೇಕು. ತೆಂಗಿನಕಾಯಿ ತುರಿದು ಮುಗಿಯುವುದಿಲ್ಲ. ಇಂಥ ಹೊತ್ತಿನಲ್ಲಿ ಯಾರಾದರೂ ಬಂದು "ಮಾರ್ಥಳ ಹಾಗೆ ಕೆಲಸದಲ್ಲೇ ಮುಳುಗಬೇಡಿ, ಮರಿಯಳ ಹಾಗೆ ಪಾದದ ಬಳಿ ಕೂರಿ" ಎಂದು ಉಪದೇಶಿಸಿದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಮಾರ್ಥಳ ದೂರು ಏನಿತ್ತೆಂದು ಸಂತ ಲೂಕರ ಶುಭಸಂದೇಶದಲ್ಲಿ ಮತ್ತೊಮ್ಮೆ ಓದಿ ನೋಡಿ. ತಂಗಿ ನನ್ನೊಬ್ಬಳ ಮೇಲೆಯೇ ಕೆಲಸ ಬಿಟ್ಟಿದ್ದಾಳೆ ಎಂಬುದು ಅವಳ ಸಂಕಟ. ಅವಳು ದಣಿದದ್ದು ಒಂಟಿಯಾಗಿ ದುಡಿದು. ಹಾಗಾಗಿ ಕ್ರಿಸ್ತವಿಶ್ವಾಸ ಹಬ್ಬದ ನಡುವೆ ಇರಬೇಕೆನ್ನುವ ಗಂಡಸರು ಮೊದಲು ಕಾಯಿ ತುರಿಯುವ ಮಣೆಯ ಮೇಲೆ ಕೂರಬೇಕು.

ಕೆಲಸಕ್ಕೆ ಹೆಗಲು ಕೊಡುವ ಈ ಮಾತನ್ನು ಆಗಮನ ಕಾಲದ ವಾಚನಗಳೂ ಹೇಳುತ್ತವೆ. ಡಿಸೆಂಬರ್ 16ರವರೆಗೆ ಸ್ನಾನಿಕ ಯೋಹಾನರ ಗದರಿಕೆ, ಪ್ರವಾದಿ ಯೆಶಾಯರ ಕನಸು; 17ರಿಂದ ಹುಟ್ಟಿನ ಕಥೆ ಹತ್ತಿರವಾಗುತ್ತ ಬರುತ್ತದೆ. 21ರ ದಿನದ ಶುಭಸಂದೇಶದಲ್ಲಿ ಮರಿಯಮ್ಮ ಎಲಿಜಬೇತಮ್ಮನವರನ್ನು ನೋಡಲು ಬೆಟ್ಟದ ನಾಡಿಗೆ ಧಾವಿಸುತ್ತಾರೆ. ಬಸುರಿಯೊಬ್ಬರು ವಯಸ್ಸಾದ ಮತ್ತೊಬ್ಬ ಬಸುರಿಯ ಮನೆಗೆ ಹೋಗಿ ಹೆಚ್ಚುಕಡಿಮೆ ಮೂರು ತಿಂಗಳು ನಿಲ್ಲುತ್ತಾರೆ. ಅಷ್ಟು ದಿನ ಸುಮ್ಮನೆ ಕೂತಿರಲಿಕ್ಕಿಲ್ಲ. ನೀರು ಸೇದಿರಬೇಕು, ಹಿಟ್ಟು ನಾದಿರಬೇಕು. ಮರಿಯಮ್ಮನವರ ಸ್ತುತಿಗೀತೆ ಹುಟ್ಟಿದ್ದು ಆ ಮನೆಯಲ್ಲಿ, ನೆರವಿಗೆಂದು ಹೋದ ಪ್ರಯಾಣದಲ್ಲಿ. ಹಿಂದೆ ನಮ್ಮೂರುಗಳಲ್ಲಿ ಕುಸ್ವಾರೂ ಹಾಗೆಯೇ ಆಗುತ್ತಿತ್ತು. ಸಂಜೆ ತೇರ್ಸ್ ಎನ್ನುವ ಜಪಸರದ ಪ್ರಾರ್ಥನೆ ಮುಗಿಸಿ, ಮಕ್ಕಳು "ಬೆಸಾಂವ್ ದೀ ಮಾಂಯ್" ಎಂದು ಹಿರಿಯರ ಆಶೀರ್ವಾದ ಪಡೆದ ಮೇಲೆ, ಎಲ್ಲರೂ ಚಾಪೆಯ ಸುತ್ತ ಕೂತು ಹೊಸ ಬಾಚಣಿಗೆಯ ಮೇಲೆ ಹಿಟ್ಟು ಒತ್ತಿ ಕಿಡಿಯೊ ಸುರುಳಿ ಮಾಡುತ್ತಿದ್ದರು. ಇವತ್ತು ಒಂದು ಮನೆಯಲ್ಲಿ ಒಬ್ಬಳೇ ಎಂಟು ಬಗೆ ಮಾಡುವ ಬದಲು, ನಾಲ್ಕು ಮನೆಯವರು ಎರಡೆರಡು ಬಗೆ ಹಂಚಿಕೊಂಡು ಮಾಡಬಹುದು. ಅಂಗಡಿಯಿಂದ ತಂದರೂ ದೇವರೇನೂ ಮುನಿಯುವುದಿಲ್ಲ. ಬಿಡಬಾರದ್ದು ನೆರೆಮನೆಗೆ ಹಂಚುವುದನ್ನು. ದೀಪಾವಳಿಗೆ ಕೊಟ್ಟಿಗೆ ಕಡುಬನ್ನೋ ಈದ್ ಹಬ್ಬಕ್ಕೆ ಬಿರಿಯಾನಿಯನ್ನೋ ಕಳಿಸಿದ ಮನೆಗಳಿಗೆ ಕುಸ್ವಾರಿನ ತಟ್ಟೆ ಹೋಗಲೇಬೇಕು.

ತಟ್ಟೆ ಬರುವ ಮನೆಗಳೂ ಇವೆ. ಸಾವಾದ ವರ್ಷ ನಮ್ಮ ಕಡೆ ಕುಸ್ವಾರ್ ಮಾಡುವುದಿಲ್ಲ. ನೆಂಟರು, ನೆರೆಯವರು ತಂದು ಕೊಡುತ್ತಾರೆ. ಈ ರೂಢಿಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ದುಃಖದಲ್ಲಿರುವವರಿಗೆ ಡಿಸೆಂಬರ್ ತುಂಬ ಕಠಿಣ ತಿಂಗಳು. ಊರೆಲ್ಲ ನಕ್ಷತ್ರ ತೂಗುವಾಗ ತಮ್ಮ ಮನೆಯ ಕತ್ತಲೆ ಇನ್ನಷ್ಟು ದಟ್ಟವಾಗಿ ಕಾಣುತ್ತದೆ, ನಗುವ ಮುಖ ಹೊತ್ತು ತಿರುಗುವ ಶ್ರಮ ಬೇರೆ. ಆಗಮನ ಕಾಲ ಅವರಿಗೆ ನಗು ಎಂದು ಒತ್ತಾಯಿಸುವುದಿಲ್ಲ. ಕತ್ತಲಲ್ಲಿರುವವರು ಬೆಳಕಿಗಾಗಿ ಕಾಯುವುದನ್ನೇ ಅದು ಪ್ರಾರ್ಥನೆಯೆಂದು ಒಪ್ಪಿಕೊಳ್ಳುತ್ತದೆ. ಗಂಡನನ್ನು ಕಳೆದುಕೊಂಡವಳು ಸಡಗರದ ಕ್ಯಾರಲ್ ಕೂಟಕ್ಕೆ ಬಾರದಿದ್ದರೆ ಬೇಸರಿಸಬೇಡಿ. ಒಂದು ಸಂಜೆ ಅವಳ ಮನೆಯಲ್ಲೇ ಕೂತು ಜಪಸರ ಹೇಳಿ ಬನ್ನಿ.

ಮುರಿದ ಮಾತುಗಳ ಕಷ್ಟವೂ ಇದೇ ತಿಂಗಳಲ್ಲಿ ಮೇಲೆ ಬರುತ್ತದೆ. ಜಾಗದ ಪಾಲಿನಲ್ಲಿ ಮುನಿಸಿಕೊಂಡ ಅಣ್ಣತಮ್ಮಂದಿರು ಒಂದೇ ಇಗರ್ಜಿಯಲ್ಲಿ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಹಬ್ಬದ ಊಟಕ್ಕೆ ಯಾರನ್ನು ಕರೆಯುವುದು, ಯಾರನ್ನು ಬಿಡುವುದೆಂಬ ತಲೆನೋವು ಹೆತ್ತವರಿಗೆ. ಪಾಪನಿವೇದನೆಗೆ ಸಾಲು ನಿಲ್ಲುವ ಕಾಲವೂ ಇದೇ ಆಗಿರುವುದು ಸುಮ್ಮನೆ ಅಲ್ಲ. 24ರ ಗಡಿಬಿಡಿಯಲ್ಲಿ ಸಾಲಿನ ತುದಿಗೆ ಸೇರಿಕೊಳ್ಳುವ ಬದಲು ಎರಡನೆಯ ವಾರದಲ್ಲೇ ನಿವೇದನೆ ಮಾಡಿದರೆ, ಅಣ್ಣನಿಗೆ ಫೋನು ಮಾಡಲು ಇನ್ನೂ ಹತ್ತು ದಿನ ಉಳಿದಿರುತ್ತವೆ. ವ್ಯಾಜ್ಯ ಬಗೆಹರಿಯದೇ ಇರಬಹುದು. "ಅಣ್ಣಾ, ಪೂಜೆ ಮುಗಿಸಿ ಮನೆಗೆ ಬಾ, ಅಮ್ಮ ಕಾಯ್ತಾರೆ" ಎನ್ನಲು ಕೋರ್ಟಿನ ತೀರ್ಪು ಬೇಕಿಲ್ಲ.

ದುಡ್ಡಿನ ಚಿಂತೆ ಅನೇಕರಿಗೆ ಎಲ್ಲಕ್ಕಿಂತ ದೊಡ್ಡದು. ಆಗಮನ ಕಾಲದಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ, ಗಲ್ಫಿನವರಿಗೆ ರಜೆ ಸಿಗುವುದೂ ವರ್ಷದ ಕೊನೆಗೆ. ಹೀಗಾಗಿ 26ರಿಂದ ಜನವರಿಯವರೆಗೆ ಮದುವೆಗಳ ಮೇಲೆ ಮದುವೆ. ಹಾಲಿನ ಬಾಡಿಗೆ, ಸೀರೆ, ಉಡುಗೊರೆ, ವಿಮಾನದ ಟಿಕೆಟ್ಟು. ದಿನಗೂಲಿಯವರ ಮನೆಯಲ್ಲಂತೂ ಮಕ್ಕಳ ಹೊಸ ಬಟ್ಟೆಗೇ ಸಾಲ. ಸ್ನಾನಿಕ ಯೋಹಾನರ ಬಳಿ ಜನ ಬಂದು ನಾವೇನು ಮಾಡಬೇಕು ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ಬಟ್ಟೆಯದೇ: ಎರಡು ಅಂಗಿ ಇರುವವನು ಒಂದನ್ನು ಇಲ್ಲದವನಿಗೆ ಕೊಡಲಿ, ಊಟ ಇರುವವನೂ ಹಾಗೆಯೇ ಮಾಡಲಿ. ಗಂಜಿ ಚಟ್ನಿಯ ದಿನಗಳಲ್ಲಿ ಉಳಿದ ದುಡ್ಡು ಅಲ್ಲಿಗೆ ಹೋಗಲಿ. ಕೆಲಸದ ಅಕ್ಕನಿಗೆ, ವಾಚ್‌ಮನ್ನಿಗೆ ಕೊಡುವುದನ್ನು 25ಕ್ಕೆ ಕೊಟ್ಟರೆ ಏನು ಬಂತು? ಅವರಿಗೂ ಹಬ್ಬವಿರುತ್ತದೆ, ಖರ್ಚಿರುತ್ತದೆ. ತಿಂಗಳ ಮೊದಲಲ್ಲೇ ಕೊಡಬೇಕು. ಕೆಲವು ಪ್ರೊಟೆಸ್ಟಂಟ್ ಸಭೆಗಳಲ್ಲಿ ಆಗಮನ ಕಾಲದ ಒಂದು ಭಾನುವಾರ ಅಕ್ಕಿ, ಬೇಳೆ, ಬಟ್ಟೆಗಳನ್ನು ಬಿಳಿ ಕಾಗದದಲ್ಲಿ ಸುತ್ತಿ ಪೀಠದ ಮುಂದೆ ತಂದಿಡುತ್ತಾರೆ. ಎಲ್ಲವೂ ಒಂದೇ ಬಣ್ಣವಾದ್ದರಿಂದ ಯಾರದು ಸಣ್ಣದು, ಯಾರದು ದುಬಾರಿ ಎಂದು ತಿಳಿಯುವುದಿಲ್ಲ. ಕಥೋಲಿಕ ಇಗರ್ಜಿಗಳೂ ಇದನ್ನು ಧಾರಾಳವಾಗಿ ಕಲಿಯಬಹುದು.

ಊರಿಗೆ ಬರಲಾಗದವರನ್ನೂ ನೆನೆಯಬೇಕು. ಕೊಲ್ಲಿ ದೇಶಗಳಲ್ಲಿ ಡಿಸೆಂಬರ್ 25 ಸರಕಾರಿ ರಜೆಯಲ್ಲ. ಪಾಳಿ ಮುಗಿಸಿ ಪೂಜೆಗೆ ಓಡುವವರು, ಪೂಜೆ ಮುಗಿಸಿ ಪಾಳಿಗೆ ಓಡುವವರು ಅಲ್ಲಿ ಸಾವಿರಾರು. ಇಲ್ಲಿನ ಆಸ್ಪತ್ರೆಗಳ ದಾದಿಯರಲ್ಲೂ ಹಬ್ಬದ ರಾತ್ರಿ ಪಾಳಿಯಲ್ಲಿರುವವರು ಎಷ್ಟೋ. ಅವರಿಗೆ ಹಬ್ಬ ತಪ್ಪಿತೆಂದು ನಾವು ಮರುಗುತ್ತೇವೆ. ಶುಭಸಂದೇಶದಲ್ಲಿ ಮೊದಲ ಸುದ್ದಿ ತಲುಪಿದ್ದು ರಾತ್ರಿ ಪಾಳಿಯಲ್ಲಿ ಮಂದೆ ಕಾಯುತ್ತಿದ್ದವರಿಗೆ. ಜನಗಣತಿಗೆಂದು ನಜರೇತಿನಿಂದ ಬೆತ್ಲೆಹೇಮಿನವರೆಗೆ ದಿನ ತುಂಬಿದ ಹೆಂಡತಿಯನ್ನು ಕರೆದುಕೊಂಡು ಬಂದು, ಛತ್ರದಲ್ಲಿ ಜಾಗ ಸಿಗದೆ ಪರದಾಡಿದ ಜೋಸೆಫರ ಆ ರಾತ್ರಿಯಲ್ಲಿ ನೆಮ್ಮದಿ ಎಲ್ಲಿತ್ತು? ಮಗು ಹುಟ್ಟಿದ್ದು ಆ ಪರದಾಟದ ನಡುವೆಯೇ. ಎಲ್ಲ ಕೆಲಸ ಮುಗಿದು ಮನಸ್ಸು ತಿಳಿಯಾದ ಮೇಲೆ ಪ್ರಾರ್ಥನೆ ಮಾಡೋಣ ಎನ್ನುವವರು ಇದನ್ನು ನೆನಪಿಡಬೇಕು. ಎಣ್ಣೆ ಕಾಯುವಾಗ ಹೇಳಿದ ನಮೋ ಮರಿಯವೂ ನಮೋ ಮರಿಯವೇ.

25ರ ಆಚೆಗಿನ ದಿನಗಳನ್ನು ನಾವು ಮದುವೆ ಊಟಗಳಿಗೆ ಪೂರ್ತಿ ಬಿಟ್ಟುಕೊಟ್ಟಿದ್ದೇವೆ. ಸಭೆ ಅವುಗಳನ್ನು ಬಹಳ ಯೋಚಿಸಿ ಜೋಡಿಸಿಟ್ಟಿದೆ. 26 ರಕ್ತಸಾಕ್ಷಿ ಸಂತ ಸ್ತೇಫಾನರದು, 27 ಶುಭಸಂದೇಶಕಾರ ಸಂತ ಯೋಹಾನರದು, 28 ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಎಳೆಯ ಮಕ್ಕಳದು. ಅದೇ ವಾರದಲ್ಲಿ ಪವಿತ್ರ ಕುಟುಂಬದ ಹಬ್ಬ, ಜನವರಿ 1 ದೇವಮಾತೆಯದು, ಆಮೇಲೆ ಮೂವರು ಜ್ಞಾನಿಗಳ ಹಬ್ಬ. ಮನೆಯ ಗೋದಲಿಯಲ್ಲಿ ಆ ಮೂವರನ್ನು ದೂರದ ಮೂಲೆಯಲ್ಲಿಟ್ಟು ದಿನಾ ಒಂದು ಗೇಣು ಮುಂದೆ ಸರಿಸಿದರೆ ಮಕ್ಕಳಿಗೆ ಜನವರಿಯವರೆಗೂ ಹಬ್ಬವಿರುತ್ತದೆ. ಎಲ್ಲ ನೆಂಟರ ಮನೆಗೂ 25ರ ಸಂಜೆಯೊಳಗೆ ಹೋಗಿಬರಬೇಕೆಂಬ ಧಾವಂತವೂ ಆಗ ಬೇಕಾಗುವುದಿಲ್ಲ.

25ರ ಆಚೆಗಿನ ದಿನಗಳನ್ನು ನಾವು ಕೈಬಿಟ್ಟಿರುವುದು ವೃದ್ಧಾಶ್ರಮಗಳಲ್ಲಿ ಚೆನ್ನಾಗಿ ಕಾಣುತ್ತದೆ. 15ರಿಂದ 24ರವರೆಗೆ ಸಂಘಗಳು, ಶಾಲೆಗಳು, ಕಂಪನಿಯವರು ಸರದಿಯಲ್ಲಿ ಬಂದು ಕೇಕು ಕೊಟ್ಟು ಹಾಡಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಒಂದೇ ದಿನ ಮೂರು ಗುಂಪು ಬಂದು, ಅಜ್ಜಂದಿರಿಗೆ ಮಧ್ಯಾಹ್ನದ ನಿದ್ದೆ ತಪ್ಪುವುದೂ ಉಂಟು. 26ರ ಬಳಿಕ ಗೇಟಿನಲ್ಲಿ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ನಿಮ್ಮ ವಾರ್ಡಿನವರು ಈ ಸಲ ತೇದಿ ಬದಲಿಸಿ 27ಕ್ಕೋ 30ಕ್ಕೋ ಇಟ್ಟುಕೊಳ್ಳಿ. ಮೊದಲೇ ಸಿಸ್ಟರಿಗೆ ಫೋನು ಮಾಡಿ ಯಾವ ಹೊತ್ತು ಅನುಕೂಲವೆಂದು ಕೇಳಿ. ಚಕ್ಕುಲಿ, ಗುಳಿಯೊ ಹಲ್ಲಿಲ್ಲದವರಿಗೆ ಆಗುವುದಿಲ್ಲ. ಮೆತ್ತಗಿನ ಕೇಕು, ಬಾಳೆಹಣ್ಣು ಒಯ್ಯಿರಿ. ಸಕ್ಕರೆ ಕಾಯಿಲೆ ಯಾರಿಗಿದೆ ಎಂದೂ ಕೇಳಿಕೊಳ್ಳಿ. ಗಿಟಾರು ಇದ್ದರೆ ಇರಲಿ, ಆದರೆ ಹಾಡು ಅವರೇ ಆರಿಸಲಿ; ಹಳೆಯ ಕೊಂಕಣಿ, ಕನ್ನಡ ಹಾಡುಗಳ ಚರಣಗಳೆಲ್ಲ ಅವರಿಗೆ ಬಾಯಿಪಾಠ ಇರುತ್ತವೆ.